ಒನಕೆಯ ಮೇಲೆ ತಟ್ಟಿದ ಮೂಸೆ

ಭರಮಸಾಗರದ ಕುಂಬಾರರ ಉಚ್ಚಂಗಮ್ಮ ಬಾಯಿ ಜೋರಿನ ಹೆಂಗಸು. ಗಂಡ ತೀರಿಕೊಂಡ ಮೇಲೂ ಆ ಬಾಯಿ ಸೊರಗಲಿಲ್ಲ, ಸೊರಗಿದ್ದು ಒಲೆ. ಮಡಕೆ ಮಾಡುವ ತಿಗರಿಯನ್ನು ಹೆಣ್ಣು ಮುಟ್ಟಬಾರದೆಂಬುದು ಕುಲದ ಕಟ್ಟಳೆ. ಗಡಿಗೆ ತಟ್ಟಬಹುದು, ತಿಗರಿ ತಿರುಗಿಸುವಂತಿಲ್ಲ. ಅದೆಂಥ ಕಟ್ಟಳೆಯೋ! ಗಂಡನ ಅಣ್ಣ ಕಾಟಪ್ಪ ಬಂದು, "ದೀವಳಿಗೆ ಆಗ್ಲಿ, ತಿಗರಿ ನಾನೊಯ್ತೀನಿ. ನಿನಗ್ಯಾಕದು? ನಮ್ಮನ್ಯಾಗೆ ಕೂಲಿ ಮಾಡ್ಕಂಡಿರು" ಎಂದುಬಿಟ್ಟ. ಸ್ವಂತ ಅಂಗಳ ಬಿಟ್ಟು ಇನ್ನೊಬ್ಬರ ಹಿತ್ತಲಲ್ಲಿ ಮಣ್ಣು ತುಳಿಯಬೇಕೇ ಎಂದು ಅವಳು ಕೇರಿಗೆಲ್ಲ ಕೇಳುವಂತೆ ಬೈದಳು.

ಅದು ಯುರೋಪಿನ ಮಹಾಯುದ್ಧದ ಕಾಲ. ಹಿತ್ತಾಳೆಗೆ ಬೇಕಾದ ಸತು ಹಡಗಿನಲ್ಲಿ ಬರುವುದು ನಿಂತು, ದುರ್ಗದ ಪಾಲಯ್ಯನ ಹಿತ್ತಾಳೆ ಕುಲುಮೆ ತಣ್ಣಗಾಗಿತ್ತು. ಗುಡ್ಡದಿಂದ ಸತುವಿನ ಅದಿರು ತಂದು ತಾನೇ ಕಾಸಿ ನೋಡಿದ. ತಾಮ್ರದಂತೆ ಇದೂ ಕರಗಿ ತಳಕ್ಕೆ ಇಳಿದೀತೆಂದು ಲೋಹ ಕಾಸುವ ಮಣ್ಣಿನ ಮೂಸೆಯ ಬಾಯಿ ತೆರೆದಿಟ್ಟ. ಸತುವೆಲ್ಲ ಬಿಳಿ ಹೊಗೆಯಾಗಿ ಹಾರಿ ಅವನ ಮೀಸೆಗೇ ಸುಣ್ಣ ಬಳಿಯಿತು. ಮೂಸೆಯನ್ನು ಬೋರಲು ಹಾಕಿ, ಆ ಹೊಗೆ ಗಾಳಿಗೆ ಸಿಗದಂತೆ ಕೆಳಗಿನ ತಣ್ಣನೆ ಕುಡಿಕೆಗೆ ಇಳಿಸಬೇಕೆಂದು ಆಮೇಲೆ ತಿಳಿಯಿತು. ಅದಕ್ಕೆ ಬದನೆಕಾಯಿಯಂಥ ಉದ್ದ ಮೂಸೆ ಬೇಕು. ಪರದೇಶದ್ದು ಕೈಗೆಟುಕದು. ತಿಗರಿಯಲ್ಲಿ ಎರಡು ತುಂಡು ಮಾಡಿ ಕೂಡಿಸಿದ್ದು ಬೆಂಕಿಗೆ ಬೆಸುಗೆಯಲ್ಲೇ ಸೀಳಿತು. ಊರ ಕುಂಬಾರರೆಲ್ಲ ಕೈಚೆಲ್ಲಿದ ಮೇಲೆ ಅವನು ಉಚ್ಚಂಗಮ್ಮನ ಅಂಗಳಕ್ಕೆ ಬಂದ.

"ಬೆಸುಗೆ ಇಲ್ದಂಗೆ ಮಾಡಾಕೆ ಆಗ್ತೈತೇನಕ್ಕಾ?"

ಅವಳು ಮೂಲೆಯಲ್ಲಿದ್ದ ಒನಕೆಯ ಕಡೆ ನೋಡಿದಳು. ಅದಕ್ಕೆ ಬೂದಿ ಸವರಿ, ಕೆರೆ ಮಣ್ಣಿಗೆ ಒಡೆದ ಹಳೆ ಮಡಕೆ ಬೋಕಿಯ ಪುಡಿ ಕಲಸಿ, ಒನಕೆಯ ತುದಿಯ ಸುತ್ತ ಒಂದೇ ಹದದಲ್ಲಿ ತಟ್ಟಿದಳು. ಮಣ್ಣು ಅರೆ ಆರಿದಾಗ ಒನಕೆಯನ್ನು ಮೆಲ್ಲಗೆ ಎಳೆದಳು. ಎಂಥ ಕೈ ಅದು! ಒಡೆದ ಮೂಸೆಯನ್ನೂ ಎಸೆಯದೆ ಕುಟ್ಟಿ ಮತ್ತೆ ಮಣ್ಣಿಗೆ ಸೇರಿಸಿದ್ದರಿಂದ ಖರ್ಚು ಅಲ್ಲೇ ಇಳಿಯಿತು. ಪಾಲಯ್ಯ ತಂದ ಅದಿರನ್ನೂ ಇದ್ದಿಲ ಪುಡಿಯನ್ನೂ ಸೆಗಣಿಯಲ್ಲಿ ಕಲಸಿ ಉಂಡೆ ಕಟ್ಟಿ ತುಂಬಿದಳು. ಬೋರಲಾದಾಗ ಉದುರದಂತೆ ಬಾಯಿಗೆ ಕಡ್ಡಿ ಸಿಕ್ಕಿಸಿದ್ದೂ ಅವಳೇ.

ದೀವಳಿಗೆಯ ಮಾರನೆಯ ದಿನ ಕಾಟಪ್ಪ ಗಾಡಿ ಹೂಡಿಕೊಂಡು ಬಂದಾಗ, ಪಾಲಯ್ಯ ಅವಳ ಅಂಗಳದಲ್ಲೇ ಆರಿದ ಒಲೆಯ ಅಡಿಯಿಂದ ಕುಡಿಕೆ ಎಳೆಯುತ್ತಿದ್ದ. ತಳದಲ್ಲಿ ನೀಲಿ ಛಾಯೆಯ ಬಿಳಿ ಗಟ್ಟಿ ಕೂತಿತ್ತು.

"ಸತು ಕಣಕ್ಕಾ!" ಅವನು ಕುಡಿಕೆಯನ್ನು ಅವಳ ಮುಂದೆ ಹಿಡಿದ. "ಇಂಥ ಮೂಸೆ ಎಷ್ಟು ಮಾಡಿದ್ರೂ ನಾನು ತಗಂತೀನಿ."

ಕಾಟಪ್ಪನಿಗೆ ಇದೊಂದೂ ತಲೆಗೆ ಹೋಗಲಿಲ್ಲ. ತಿಗರಿಗೆ ಕೈ ಹಾಕಿ, ನಾದಿನಿ ಈಗ ಕಾಲಿಗೆ ಬೀಳುತ್ತಾಳೆಂದು ಕಾದ.

"ಒಯ್ಕಳ್ರಿ ಭಾವಾ," ಎಂದಳು ಉಚ್ಚಂಗಮ್ಮ, ಬೂದಿಗೈ ಸೆರಗಿಗೆ ಒರೆಸಿಕೊಳ್ಳುತ್ತ. "ಒನಕೆ ಮಾತ್ರ ಮುಟ್ಟಬ್ಯಾಡ್ರಿ."