ಕಪ್ಪೆಯ ಹೃದಯ, ಆಯಿಯ ಎಮ್ಮೆ

ಎಮ್ಮೆಯ ಕುತ್ತಿಗೆ ಎಡಕ್ಕೆ ಹೊರಳಿತ್ತು ಎಂದು ಬರೆದು ಹೊಡೆದುಹಾಕಿದೆ. ಬಲಕ್ಕೆ ಎಂದು ಬರೆದರೂ ಚಿತ್ರ ಅಷ್ಟೇ ಸ್ಪಷ್ಟವಾಗಿ ಕಣ್ಣಿಗೆ ಬರುತ್ತದೆ. ಹೇಳಿದಂತೆಲ್ಲ ಕೇಳುವ ನೆನಪನ್ನು ನಾನು ನಂಬುವುದಿಲ್ಲ. ಹೊರಳಿತ್ತು ಎಂಬುದಷ್ಟೇ ಖಾತ್ರಿ. ಬಿಜ್ಜರಗಿಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ, ಮೊನ್ನೆಯಷ್ಟೇ ಈದಿದ್ದ ಎಮ್ಮೆ ತನ್ನ ತಲೆಯನ್ನು ತನ್ನದೇ ಪಕ್ಕೆಗೆ ಆನಿಸಿಕೊಂಡು ಬಿದ್ದಿತ್ತು.

"ಕರುವಿನ ಕಡಿ ನೋಡಾಕತ್ತೈತಿ, ಪಾಪ" ಎಂದಳು ಆಯಿ, ನನ್ನ ತಂದೆಯ ತಾಯಿ.

ಕರು ಇದ್ದದ್ದು ಇನ್ನೊಂದು ಮಗ್ಗುಲಲ್ಲಿ.

ಎಪ್ಪತ್ತರ ದಶಕದ ನಡುವಿನ ಯಾವುದೋ ದೀಪಾವಳಿ ರಜೆ. ನಾನು ಬಿಜಾಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಜೋರಾಪುರ ಪೇಟೆಯ ಸೋದರತ್ತೆಯ ಮನೆಯಲ್ಲಿ ಇರುತ್ತಿದ್ದೆ. ರಜೆಗೆ ಊರಿಗೆ ಬಂದಾಗ ಮನೆ ತುಂಬ ಗಿಣ್ಣದ ವಾಸನೆ. ಈದ ಎಮ್ಮೆಯ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿದ ಗಿಣ್ಣವನ್ನು ಓಣಿಯ ಪ್ರತಿ ಮನೆಗೂ ಕೊಡುವುದು ಆಯಿಯ ಪದ್ಧತಿ. ಒಂದು ಮನೆಯನ್ನೂ ಬಿಡುವಂತಿರಲಿಲ್ಲ. ಅದಕ್ಕಾಗಿ ಎರಡು ದಿನ ಕೆಚ್ಚಲಿನ ಕೊನೆಯ ಹನಿಯವರೆಗೆ ಹಿಂಡಿದ್ದಳು. ನಮ್ಮ ಮನೆಯಲ್ಲಿ ಹೊಲ, ಎತ್ತು, ಬಾವಿ ಎಲ್ಲವೂ ಗಂಡಸರ ಹೆಸರಿನವು. ಬಬಲೇಶ್ವರದ ತವರಿನಿಂದ ಅವಳ ಅಣ್ಣ ಹೊಡೆದುಕೊಂಡು ಬಂದು ಕಟ್ಟಿಹೋದ ಆ ಎಮ್ಮೆ ಮಾತ್ರ ಆಯಿಯದು.

ಮುಂಜಾನೆ ಅದು ಏಳಲಿಲ್ಲ. ಕಿವಿ ಹಿಡಿದರೆ ತಣ್ಣಗೆ, ಮೂಗು ಒಣಗಿತ್ತು. ಅಪ್ಪ ಸೈಕಲ್ ತೆಗೆದುಕೊಂಡು ದನದ ಡಾಕ್ಟರನ್ನು ಕರೆತರಲು ಟಿಕೋಟಾಕ್ಕೆ ಹೋದ.

ಕಾಯುವ ಹೊತ್ತಿನಲ್ಲಿ ನಾನು ಏನು ಯೋಚಿಸುತ್ತಿದ್ದೆ? ಕಾಲೇಜಿನ ಪ್ರಯೋಗಶಾಲೆಯ ಕಪ್ಪೆಯನ್ನು ಎಂದು ಬರೆದರೆ ಕಥೆ ಚೆಂದ ಕೂಡುತ್ತದೆ. ಆದರೆ ಕಪ್ಪೆ ನೆನಪಾದದ್ದು ಆಮೇಲೆ, ಡಾಕ್ಟರ ಚೀಲದಿಂದ ಬಾಟಲಿ ಹೊರಬಂದಾಗ. ಬಂದವರೇ ಅವರು ಎಮ್ಮೆಯ ಕಣ್ಣು ನೋಡಿದರು, ಕಿವಿ ಹಿಡಿದರು, ಕೆಚ್ಚಲು ಮುಟ್ಟಿದರು.

"ಹಾಲು ಪೂರಾ ಹಿಂಡೀರಿ ಹೌದಿಲ್ರಿ, ಆಯಿ?"

"ಹಿಂಡದ ಬಿಟ್ರ ಗಿಣ್ಣ ಹೆಂಗ ಆಗಬೇಕ್ರಿ, ಡಾಕ್ಟರಪ್ಪಾ?"

"ಹಾಲಿನ ಸಂಗಾಟ ಇದರ ನೆತ್ತರಾಗಿನ ಕ್ಯಾಲ್ಸಿಯಂ ಎಲ್ಲಾ ಹೋಗೈತಿ. ಅಂದ್ರ, ಸುಣ್ಣದ ಅಂಶ."

ಆಯಿ ತನ್ನ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಮುಂದೆ ಹಿಡಿದಳು. "ಹಿಡೀರಿ ಮತ್ತ. ನಮ್ಮನ್ಯಾಗ ಎಲ್ಲಾದಕ್ಕೂ ಬರ ಬಂದೀತು, ಸುಣ್ಣಕ್ಕ ಬರಂಗಿಲ್ಲ."

ಡಾಕ್ಟರು ನಕ್ಕರು. "ಅದನ್ನ ನೀವ ತಿನ್ರಿ. ಇದು ಸೀದಾ ನೆತ್ತರಿಗೆ ಹೋಗಬೇಕು."

"ಹಂಗಂದ್ರ ಹೆಂಗ? ಇಷ್ಟ ದೊಡ್ಡ ಎಲುಬಿನ ಗೂಡು ಐತಿ. ಎಲುಬೆಲ್ಲಾ ಸುಣ್ಣ ಅಲ್ಲೇನ್ರಿ?"

ಆ ಪ್ರಶ್ನೆ ನನ್ನೊಳಗೂ ಇತ್ತು, ಬಾಯಿಗೆ ಬಂದಿರಲಿಲ್ಲ. ಮೈ ತುಂಬ ಸುಣ್ಣ ಇಟ್ಟುಕೊಂಡ ಪ್ರಾಣಿ ಸುಣ್ಣವಿಲ್ಲದೆ ಸಾಯುವುದೆಂದರೇನು? ಡಾಕ್ಟರು ಬಾಟಲಿಗೆ ರಬ್ಬರ್ ನಳಿಗೆ ಜೋಡಿಸುತ್ತಲೇ ಹೇಳಿದರು: ಎಲುಬಿನಲ್ಲಿ ಇರುವುದು ನಿಜ, ಆದರೆ ಅದು ಬಿಡಿಸಿಕೊಂಡು ನೆತ್ತರಿಗೆ ಬರುವುದು ನಿಧಾನ. ಹಾಲು ಅಷ್ಟು ನಿಧಾನವಾಗಿ ಹೋಗಲಿಲ್ಲ.

ಈಗ ಕಪ್ಪೆ. ಆ ವರ್ಷ ಪ್ರಯೋಗಶಾಲೆಯಲ್ಲಿ ಕಪ್ಪೆಯ ಹೃದಯವನ್ನು ಉಪ್ಪುನೀರಿನಿಂದ ತೋಯಿಸುತ್ತ ಅದರ ಬಡಿತವನ್ನು ಗೀಚಿಸಿದ್ದೆವು. ಹೊಗೆ ಹಿಡಿಸಿ ಕಪ್ಪಾದ ಕಾಗದ ಸುತ್ತಿದ ಉರುಳೆ ತಿರುಗುತ್ತದೆ. ಹೃದಯಕ್ಕೆ ದಾರದಿಂದ ಕಟ್ಟಿದ ಕಡ್ಡಿ ಏರಿಳಿಯುತ್ತ ಅದರ ಮೇಲೆ ಬಿಳಿಯ ಗೆರೆ ಎಳೆಯುತ್ತದೆ. ಬರೀ ಉಪ್ಪುನೀರಾದರೆ ಗೆರೆ ತಗ್ಗುತ್ತ ಹೋಗಿ ಸಪಾಟಾಗುತ್ತದೆ. ಕೆಲವು ಹನಿ ಕ್ಯಾಲ್ಸಿಯಂ ಬಿದ್ದರೆ ಮತ್ತೆ ಏಳುತ್ತದೆ. ನಮ್ಮ ಸರ್ ಅದಕ್ಕೆ ಕಾರಣ ಹೇಳಿದ್ದರು. ಜೀವಕೋಶದ ಹೊರಗೆ ಕ್ಯಾಲ್ಸಿಯಂ ಸಾಕಷ್ಟು, ಒಳಗೆ ಇಲ್ಲವೆನ್ನುವಷ್ಟು ಕಡಿಮೆ. ಕೋಶದ ಪೊರೆಯಲ್ಲಿ ಅದಕ್ಕೆಂದೇ ದಾರಿಗಳಿರಬೇಕು. ಅವು ಒಂದು ಗಳಿಗೆ ತೆರೆದು ಮುಚ್ಚುತ್ತವೆ, ಆ ಗಳಿಗೆಯಲ್ಲಿ ಒಳಗೆ ನುಗ್ಗುವ ಕ್ಯಾಲ್ಸಿಯಮ್ಮೇ ಸ್ನಾಯುವಿಗೆ 'ಬಿಗಿ' ಎಂದು ಹೇಳುವ ಸುದ್ದಿ. ನರದ ತುದಿಯಿಂದ ಸ್ನಾಯುವಿಗೆ ಅಪ್ಪಣೆ ದಾಟುವುದಕ್ಕೂ ಇದೇ ಬೇಕು. ನಮ್ಮ ಬೆಂಚಿನವರು ಉತ್ಸಾಹದಲ್ಲಿ ಹೆಚ್ಚು ಸುರಿದೆವು. ಹೃದಯ ಮುಷ್ಟಿಯಂತೆ ಬಿಗಿದುಕೊಂಡಿತು, ಬಿಡಲೇ ಇಲ್ಲ. ಗೆರೆ ಮೇಲೇರಿ ಅಲ್ಲೇ ನಿಂತಿತು.

ಇದನ್ನು ನಾನು ಆಯಿಗೆ ಕೊಟ್ಟಿಗೆಯಲ್ಲೇ ಹೇಳಿದೆನೋ, ಇನ್ನೊಂದು ದಿನ ಜೋಳದ ರೊಟ್ಟಿ ತಟ್ಟುವಾಗ ಹೇಳಿದೆನೋ. ಮಾತು ಮಾತ್ರ ಉಳಿದಿದೆ.

"ಸುಣ್ಣ ಒಳಗ ಹೋಗಾಕ ಬಾಗಲಾ ಅದಾವ, ಆಯಿ."

"ಯಾರ ನೋಡ್ಯಾರ?"

"ಯಾರೂ ನೋಡಿಲ್ಲ."

"ಮತ್ತ ಹೆಂಗ ಗೊತ್ತಾತ ಬೇ?"

"ಒಳಗ ಹೋದದ್ದು ಗೊತ್ತಾಗತೈತಿ."

"ಹಂಗಾರ ಕಳ್ಳಬೆಕ್ಕಿನಂಗ ಅನ್ನು. ಗಡಗಿ ಬರಿದಾದಾಗ ಬಂದಿತ್ತು ಅಂತ ಗೊತ್ತು."

ಡಾಕ್ಟರು ಎಮ್ಮೆಯ ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಚುಚ್ಚಿ, ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. "ತಂಗಿ, ಮ್ಯಾಲ ಎತ್ತಿದ್ರ ಜೋರ್ ಹೋಗತೈತಿ, ಕೆಳಗ ಇಳಿಸಿದ್ರ ನಿಧಾನ. ನಾ ಹೇಳಿದಂಗ ಹಿಡಿ." ತಾವು ಎಮ್ಮೆಯ ಮುಂಗಾಲಿನ ಹಿಂದೆ ಕೂತು, ಎದೆಗೆ ಸ್ಟೆತಸ್ಕೋಪ್ ಹಚ್ಚಿ ಕಣ್ಣು ಮುಚ್ಚಿದರು. ನನ್ನ ಕೈಯ ಎತ್ತರವೇ ಈಗ ಔಷಧಿಯ ವೇಗ.

ಸ್ವಲ್ಪ ಹೊತ್ತಿಗೆ ಎಮ್ಮೆಯ ಹಿಂಬದಿಯ ಚಪ್ಪೆಯ ಮೇಲೆ ಚರ್ಮ ನಡುಗಿತು. ಕೆರೆಯ ನೀರಿನ ಮೇಲೆ ಗಾಳಿ ಹಾದಂತೆ ನಡುಕ ತೊಡೆಯವರೆಗೆ ಹೋಯಿತು.

"ಜೀವ ಬಂತು! ಮ್ಯಾಲ ಹಿಡಿ ಬೇ, ಒಮ್ಮೆಲೇ ಹೋಗ್ಲಿ!" ಆಯಿ ನನ್ನ ಮೊಣಕೈ ಹಿಡಿದು ಎತ್ತಿದಳು.

"ಕೆಳಗ!" ಡಾಕ್ಟರು ಕಣ್ಣು ತೆರೆಯದೆ ಕೂಗಿದರು. "ಬಾಟ್ಲಿ ಕೆಳಗ! ಎದಿ ತಪ್ಪಿ ಬಡ್ಯಾಕತ್ತೈತಿ!"

ನಾನು ಕೈ ಇಳಿಸಿದೆ. ಆಯಿ ಬಿಡಲಿಲ್ಲ, ಎತ್ತುತ್ತಲೇ ಇದ್ದಳು. ಅವಳ ಕೈಗೆ ಎಷ್ಟು ಬಲವಿತ್ತೆಂದು ಅಂದೇ ತಿಳಿದದ್ದು. ಕೊಡಲು ಹೊರಟಾಗ ಅವಳಿಗೆ ಅರ್ಧ ಎಂಬುದೇ ಗೊತ್ತಿರಲಿಲ್ಲ.

"ಬಿಡು ಆಯಿ, ಹೆಚ್ಚಾದ್ರೂ ಎದಿ ನಿಲ್ತೈತಿ! ನಾ ನೋಡೀನಿ!"

"ಎಲ್ಲಿ ನೋಡೀದಿ?"

"ಕಪ್ಪಿಯೊಳಗ!"

ಆಯಿ ನನ್ನನ್ನು ನೋಡಿದಳು. ಕಪ್ಪೆ ಎಲ್ಲಿಂದ ಬಂತೆಂಬ ಬೆರಗಿಗೋ ಏನೋ, ಕೈ ಸಡಿಲವಾಯಿತು. ಬಾಟಲಿ ಎಮ್ಮೆಯ ಕೊರಳಿನ ಮಟ್ಟಕ್ಕೆ ಇಳಿಯಿತು. ಡಾಕ್ಟರು ಸ್ಟೆತಸ್ಕೋಪನ್ನು ಒತ್ತಿ ಹಿಡಿದು ಬಡಿತ ಎಣಿಸಿದರು. ಆಮೇಲೆ ಅವರೇ, "ಸರಿ ಹೊಂಟೈತಿ. ಸಾವಕಾಶ ಎತ್ತು, ತಂಗಿ" ಎಂದರು.

ಎಮ್ಮೆ ದೊಡ್ಡದಾಗಿ ತೇಗಿತು. ಮೂಗಿನ ಮೇಲೆ ಬೆವರಿನ ಸಣ್ಣ ಹನಿಗಳು ಮೂಡಿದವು. ಸೆಗಣಿ ಹಾಕಿತು. "ಅಬ್ಬಾ, ಶುಭ ಆತು" ಎಂದಳು ಆಯಿ.

ನನ್ನ ನೆನಪಿನಲ್ಲಿ ಆ ಎಮ್ಮೆ ಮೂರು ಬಗೆಯಲ್ಲಿ ಏಳುತ್ತದೆ: ಸೂಜಿ ತೆಗೆದ ಕೂಡಲೇ, ಡಾಕ್ಟರು ಚಹಾ ಕುಡಿಯುತ್ತ ಕೂತಿದ್ದಾಗ, ಅವರು ಮೋಟರ್‌ಸೈಕಲ್ ಒದೆಯುವ ಸದ್ದಿಗೆ ಬೆಚ್ಚಿ. ಮೂರರಲ್ಲಿಯೂ ಮೊದಲು ಹಿಂಗಾಲು ಎತ್ತುತ್ತದೆ, ಮೂರರಲ್ಲಿಯೂ ಆಯಿ ಅಳುವುದಿಲ್ಲ, ಬೈಯುತ್ತಾಳೆ. ನಿಜವಾಗಿ ನಡೆದ ಒಂದನ್ನು ಆರಿಸಿ ಉಳಿದೆರಡನ್ನು ಅಳಿಸಲು ನನಗೆ ಆಗಿಲ್ಲ.

ಹೋಗುವ ಮುನ್ನ ಡಾಕ್ಟರು ಸ್ಟೆತಸ್ಕೋಪನ್ನು ಆಯಿಯ ಕಿವಿಗೆ ಸಿಕ್ಕಿಸಿ, ತುದಿಯನ್ನು ಎಮ್ಮೆಯ ಎದೆಗೆ ಹಚ್ಚಿದರು. ಅವಳು ಸೆರಗು ಸರಿಸಿ, ಉಸಿರು ಹಿಡಿದು ಕೇಳಿದಳು.

"ಒನಕಿಲೆ ಕುಟ್ಟಿದಂಗ ಕೇಳತೈತ್ರಿ. ಯಾವಾಗಲೂ ಹಿಂಗ ಕುಟ್ಟತೈತೇನು?"

"ಯಾವಾಗಲೂ. ಈಗ ನೀವು ಒಂದೆರಡು ದಿನ ಪೂರಾ ಹಿಂಡಬ್ಯಾಡ್ರಿ. ಕೆಚ್ಚಲದಾಗ ಹಾಲು ಉಳಿಲಿ. ಬರಿದು ಮಾಡಿದ್ರ ಮತ್ತ ಬೀಳತೈತಿ."

ಸಂಜೆ ಆಯಿ ಚರಿಗೆ ಹಿಡಿದು ಎಮ್ಮೆಯ ಪಕ್ಕ ಕೂತಳು. ಕರು ಕುಡಿಯಿತು. ಅವಳು ಒಂದಿಷ್ಟು ಹಿಂಡಿ, ತುಂಬಿದ ಕೆಚ್ಚಲಿನ ಮೇಲೆ ಅಂಗೈಯಿಟ್ಟುಕೊಂಡು ಹಾಗೇ ಕೂತಿದ್ದಳು. ಓಣಿಯ ಕೊನೆಯ ಮನೆಗೆ ಗಿಣ್ಣ ಇನ್ನೂ ಹೋಗಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಮನೆಯೂ ತಪ್ಪಿರಲಿಲ್ಲ. ಕೈ ಮತ್ತೊಮ್ಮೆ ಮೊಲೆಗೆ ಹೋಯಿತು, ನಾನು ನೋಡುತ್ತಿದ್ದೇನೆಂದಲ್ಲ, ಅವಳಷ್ಟಕ್ಕೆ ಅವಳೇ ಹಿಂದೆಗೆದುಕೊಂಡು ಎದ್ದಳು.

ಮರುದಿನ ಆ ಮನೆಯಾಕೆ ನೀರಿಗೆ ಹೋಗುವ ದಾರಿಯಲ್ಲಿ ನಮ್ಮ ಬಾಗಿಲಲ್ಲಿ ನಿಂತಳು. "ಏನ ಆಯಿ, ಎಲ್ಲಾರ ಮನಿಗೆ ಗಿಣ್ಣ ಬಂತು, ನಾವೇನ ಓಣ್ಯಾಗಿಲ್ಲೇನು?"

ಆಯಿ ಆಕೆಯ ಕೊಡ ಇಳಿಸಿ, ಕೈ ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಆಕೆಯನ್ನು ಎಮ್ಮೆಯ ಮುಂಗಾಲಿನ ಹಿಂದೆ ಬಗ್ಗಿಸಿದಳು.

"ನಿನ್ನ ಪಾಲು ಇಲ್ಲೈತಿ. ಕಿವಿ ಹಚ್ಚಿ ಕೇಳು."