ಗುಡ್ಡದ ಬೆಂಕಿ ಮತ್ತು ಪದ್ಮಾವೈನಿಯ ಮಡಿ

ಇವತ್ತು ಮಧ್ಯಾಹ್ನ ಅನ್ನಕ್ಕೆ ಇಟ್ಟು ಕಿಟಕಿ ತೆರೆದೆ. ಹುಲ್ಲು ಸುಟ್ಟ ವಾಸನೆ ಒಳಗೆ ಬಂತು. ಮೊದಲು ಗ್ಯಾಸಿನ ಮೇಲಿದ್ದ ಪಾತ್ರೆಯನ್ನೇ ಅನುಮಾನಿಸಿದೆ. ನನ್ನ ಅಡಿಗೆಯ ಚರಿತ್ರೆ ಬಲ್ಲವರು ಇದಕ್ಕೆ ಆಶ್ಚರ್ಯಪಡಲಾರರು. ಆದರೆ ಅನ್ನ ತಳ ಹತ್ತಿದ ವಾಸನೆಯೇ ಬೇರೆ, ಒಣಹುಲ್ಲು ಹೊತ್ತಿದ ವಾಸನೆಯೇ ಬೇರೆ. ಮೊದಲಿನದು ಮೂಗಿಗೆ ಬಂದು ಹೋಗುತ್ತದೆ. ಎರಡನೆಯದು ಗಂಟಲಿಗೆ ಇಳಿದು ಅಲ್ಲೇ ಕೂತುಬಿಡುತ್ತದೆ. ಮಾರ್ಚ್ ತಿಂಗಳು, ಪುಣೆಯ ಅಂಚಿನ ಕಾತ್ರಜದ ಬಿಸಿಲು, ಸುಮ್ಮನಿರದ ಗಾಳಿ. ಗುಡ್ಡದ ಆಚೆ ಮಗ್ಗುಲಿಗೆ ಎಲ್ಲೋ ಬೆಂಕಿ ಬಿದ್ದಿದೆ ಎಂದು ಹೊರಗೆ ನೋಡದೆಯೇ ತಿಳಿಯಿತು. ನೀವು ಪಕ್ಕದಲ್ಲಿದ್ದಿದ್ದರೆ ಒಂದು ಕುರ್ಚಿ ಎಳೆದು ಹಾಕಿ, ಪದ್ಮಾವೈನಿಯ ಮಾತು ತೆಗೆಯುತ್ತಿದ್ದೆ. ಈಗಲೂ ತೆಗೆಯುತ್ತೇನೆ. ಅನ್ನ ಆಗುವವರೆಗೆ ಪುರುಸೊತ್ತಿದೆ.

ನಾವು ಗದಗಿನಿಂದ ಪುಣೆಗೆ ಬಂದದ್ದು ತೊಂಬತ್ತರ ದಶಕದ ಮೊದಲಿನಲ್ಲಿ. ನಮ್ಮವರ ಆಫೀಸು ಸದಾಶಿವ ಪೇಠದಲ್ಲಿ, ಮನೆ ಮಾತ್ರ ಇಲ್ಲಿ, ಊರಿನ ತುದಿಯಲ್ಲಿ. ಗುಡ್ಡದ ಬುಡಕ್ಕೆ ನಾಲ್ಕು ಕಟ್ಟಡ, ಒಂದು ಗೇಟು, ಮದುವೆ-ಮೀಟಿಂಗಿಗೆ ಒಂದು ಹಾಲ್. ಅದಕ್ಕೆ ಸೊಸೈಟಿ ಎಂದು ಹೆಸರು. ಪೇಠದಲ್ಲಿ ಮನೆ ಸಿಗದೆ ಇಲ್ಲಿಗೆ ಬಂದ ನಾವು, ಗಾಳಿ ಚೆನ್ನಾಗಿದೆ ಅಂತ ಬಂದೆವು ಎಂದು ಊರಲ್ಲಿ ಹೇಳಿಕೊಂಡಿದ್ದೆವು. ಗಾಳಿ ನಿಜಕ್ಕೂ ಚೆನ್ನಾಗಿತ್ತು. ಅದು ಬೆಂಕಿಯನ್ನೂ ತರಬಲ್ಲದು ಎಂದು ಆಗ ಗೊತ್ತಿರಲಿಲ್ಲ.

ಮೊದಲ ಬೇಸಿಗೆಯಲ್ಲಿ ಹಾಲು ಹಾಕುವ ಹೀರಾಬಾಯಿ ಗುಡ್ಡದ ಕಡೆ ಕೈ ತೋರಿಸಿ, “ವಣವಾ ಪೇಟ್ಲಾ” ಅಂದಳು. ನನ್ನ ಮರಾಠಿ ಆಗ ಕಾಯಿಪಲ್ಲೆ ಕೊಳ್ಳುವಷ್ಟೇ ಇತ್ತು. ‘ವಣ’ ಎಂದರೆ ನಮ್ಮ ‘ಒಣ’ವೇ ಇರಬೇಕು, ‘ಪೇಟ್ಲಾ’ ಎಂದರೆ ಪ್ಯಾಟಿ ಇರಬೇಕು ಅಂದುಕೊಂಡೆ. ಏನೋ ಒಣಗಿದ್ದು ಪೇಟೆಗೆ ಹೋಯಿತು ಎಂದು ಅರ್ಥ ಮಾಡಿಕೊಂಡು, ಒಳ್ಳೆಯದಾಯಿತು ಎಂದು ನಕ್ಕೆ. ಹೀರಾಬಾಯಿ ನನ್ನ ಮುಖವನ್ನೇ ನೋಡಿದಳು. ಕಾಳ್ಗಿಚ್ಚು ಹೊತ್ತಿದೆ ಎಂದು ಅವಳು ಹೇಳಿದ್ದು ಎಂಬುದು ಸಂಜೆ ನಮ್ಮವರಿಂದ ತಿಳಿಯಿತು. ಆಮೇಲೆ ನಾವೆಲ್ಲ ತಾರಸಿಗೆ ಹೋಗಿ ನೋಡಿದೆವು. ದೂರದಿಂದ ಅದು ಗುಡ್ಡಕ್ಕೆ ಹಾಕಿದ ಹಾರದಂತೆ ಕಾಣುತ್ತಿತ್ತು. ಹುರಿದ ಶೇಂಗಾ ತಂದವರೂ ಇದ್ದರು. ಪ್ರತಿ ವರ್ಷ ಹೀಗೇ ನಡೆಯಿತು. ನಮ್ಮ ಪಾಲಿಗೆ ಅದು ಬೇಸಿಗೆಯ ಒಂದು ದೃಶ್ಯವಾಗಿತ್ತು, ಅಷ್ಟೇ.

ಪದ್ಮಾವೈನಿ ನಮ್ಮ ಕೆಳಗಿನ ಮನೆಯವರು. ಅತ್ತಿಗೆಗೆ ನಮ್ಮ ಕಡೆ ವೈನಿ ಅನ್ನುತ್ತೇವೆ. ಬಾಗಲಕೋಟೆ ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಅವರ ಮಡಿಯ ಕೀರ್ತಿ ನಾಲ್ಕೂ ಕಟ್ಟಡಗಳಲ್ಲಿ ಹಬ್ಬಿತ್ತು. ಸ್ನಾನವಾದ ಮೇಲೆ ಅವರ ಅಡಿಗೆಮನೆಯ ಹೊಸಿಲನ್ನು ಅವರ ಗಂಡ ರಾಯರೂ ಅಪ್ಪಣೆ ಕೇಳಿಯೇ ದಾಟಬೇಕು. ಹೀರಾಬಾಯಿ ಹಾಲು ಹಾಕುವಾಗ ವೈನಿ ಪಾತ್ರೆಯನ್ನು ನೆಲದ ಮೇಲಿಟ್ಟು ದೂರ ಸರಿಯುತ್ತಿದ್ದರು. ಅವಳು ಮೇಲಿನಿಂದ ಧಾರೆಯಾಗಿ ಸುರಿಯಬೇಕು, ಅಳತೆಯ ಡಬ್ಬಿ ಪಾತ್ರೆಗೆ ತಗಲಬಾರದು. ಹೀರಾಬಾಯಿ ಇದನ್ನು ಮನಸ್ಸಿಗೆ ಹಚ್ಚಿಕೊಂಡ ಹಾಗೆ ಕಾಣುತ್ತಿರಲಿಲ್ಲ. ಹಚ್ಚಿಕೊಂಡಿದ್ದರೂ ನಮಗೆ ಹೇಗೆ ತಿಳಿಯಬೇಕು? ಹಾಲಿಗೆ ನೀರು ಬೆರೆಸಿದ್ದೀಯ ಎಂದು ವೈನಿ ಕನ್ನಡದಲ್ಲಿ ಬೈಯುವರು, ಇಲ್ಲವೆಂದು ಅವಳು ಮರಾಠಿಯಲ್ಲಿ ಆಣೆ ಇಡುವಳು. ಇಬ್ಬರಿಗೂ ಇನ್ನೊಬ್ಬರ ಭಾಷೆ ಬರದಿದ್ದರೂ ಜಗಳ ಒಂದು ದಿನವೂ ತಪ್ಪುತ್ತಿರಲಿಲ್ಲ.

ಹೀರಾಬಾಯಿಯ ವಸ್ತಿ ಇದ್ದದ್ದು ಗುಡ್ಡದ ನಡುಮೈಯಲ್ಲಿ. ಎಮ್ಮೆ ಸಾಕುವವರ ಏಳೆಂಟು ಮನೆಗಳ ಕೇರಿ. ಮಣ್ಣಿನ ಗೋಡೆ, ಹುಲ್ಲಿನ ಸೂರು, ಹಿಂದೆ ಮೇವಿನ ಬಣವೆ. ನಮ್ಮಲ್ಲಿ ಯಾರೂ ಅಲ್ಲಿಗೆ ಹೋಗಿರಲಿಲ್ಲ. ಹಾಲು ತಾನೇ ಇಳಿದು ಬರುತ್ತಿರುವಾಗ ನಾವೇಕೆ ಹತ್ತಬೇಕು?

ನಾವು ಬಂದು ಕೆಲವು ವರ್ಷಗಳಾಗಿದ್ದವು. ಒಂದು ಸಲ ಮಳೆ ಚೆನ್ನಾಗಿ ಆಗಿತ್ತು, ಹುಲ್ಲು ಎದೆಯೆತ್ತರ ಬೆಳೆದು ಒಣಗಿತ್ತು. ಬೆಂಕಿ ಬಂದದ್ದು ಮಟಮಟ ಮಧ್ಯಾಹ್ನ. ಬಿಸಿಲಿನಲ್ಲಿ ಜ್ವಾಲೆ ಕಾಣುವುದೇ ಇಲ್ಲ, ಗುಡ್ಡ ಅಲ್ಲಾಡುತ್ತಿದೆ ಅನ್ನಿಸುತ್ತದೆ. ಒಂದೇ ಸಮನೆ ಚಟಚಟ ಸದ್ದು. ಗಂಡಸರೆಲ್ಲ ಆಫೀಸಿಗೆ ಹೋಗಿದ್ದರು. ನಾವು ಹೆಂಗಸರು ಗೇಟಿನ ಬಳಿ ನಿಂತಿರುವಾಗ ವಸ್ತಿಯ ಜನ ಮಕ್ಕಳನ್ನು ಎತ್ತಿಕೊಂಡು ಇಳಿದು ಬಂದರು, ಹಿಂದೆ ಎಮ್ಮೆಗಳು. ಕೊನೆಗೆ ಬಂದವಳು ಹೀರಾಬಾಯಿ. ಎರಡೂ ಕೈ ಮುಂದಕ್ಕೆ ಚಾಚಿ, ಯಾರದೋ ವಸ್ತು ಹಿಡಿದುಕೊಂಡವಳ ಹಾಗೆ ನಡೆದು ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ಕೊಟ್ಟಿಗೆಯ ಸೂರು ಹೊತ್ತಿದಾಗ ಎಮ್ಮೆಗಳು ಬೆದರಿ ಜಗ್ಗಿ ಹಗ್ಗದ ಗಂಟು ಬಿಗಿದುಬಿಟ್ಟಿದ್ದವು. ಉರಿಯುವ ಹಗ್ಗವನ್ನು ಅವಳು ಬರಿಗೈಯಲ್ಲಿ ಬಿಡಿಸಿದ್ದಳು. ಎಮ್ಮೆಗಳು ಉಳಿದವು. ಮೂಲೆಯಲ್ಲಿ ಕಟ್ಟಿದ್ದ ಒಂದು ಕರುವಿನ ತನಕ ಕೈ ತಲುಪಲಿಲ್ಲ. ಜನ ಎಲ್ಲ ಬದುಕಿದರು, ಮನೆ ಒಂದೂ ಉಳಿಯಲಿಲ್ಲ.

ಸೊಸೈಟಿಯ ಹಾಲ್‌ನಲ್ಲಿ ಅವರಿಗೆ ಜಾಗ ಕೊಟ್ಟೆವು. ಹೆದ್ದಾರಿಯ ಮೇಲೆ ಹೋಟೆಲು ಇಟ್ಟಿದ್ದ ಕುಂದಾಪುರದ ಶೆಟ್ಟರು, ಯಾರೂ ಹೇಳುವ ಮೊದಲೇ, ದೊಡ್ಡ ಪಾತ್ರೆಗಳಲ್ಲಿ ಅನ್ನ-ಸಾಂಬಾರು ಕಳಿಸಿದರು. ಮರುದಿನ ಸರ್ಕಾರಿ ದವಾಖಾನೆಯಿಂದ ಹೀರಾಬಾಯಿ ಎರಡೂ ಕೈಗೆ ಮೊಣಕೈವರೆಗೆ ಬಟ್ಟೆ ಸುತ್ತಿಸಿಕೊಂಡು ಬಂದಳು. ವೈನಿ ಮಜ್ಜಿಗೆ ಮಾಡಿದ್ದರು. ಕೊಡ ಹಿಡಿಯಲು ನಾನು. ಹಾಲ್‌ನಲ್ಲಿ ಎಲ್ಲರಿಗೂ ಅವರು ಬಡಿಸಿದ್ದು ಮೇಲಿನಿಂದಲೇ, ಎಂದಿನ ಧಾರೆ. ಸಾಲಿನ ಕೊನೆಗೆ ಹೀರಾಬಾಯಿ ಕೂತಿದ್ದಳು. ಮುಂದೆ ತಾಟು, ತೊಡೆಯ ಮೇಲೆ ಆ ಎರಡು ಬಿಳಿ ಕೈಗಳು. ಯಾಕೆ ಉಣ್ಣುತ್ತಿಲ್ಲ ಎಂದು ಕೇಳಿದೆ. ಹಸಿವಿಲ್ಲ ಎಂದಳು. ಅವಳ ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಗಂಡ ಮಕ್ಕಳು ಎಮ್ಮೆಗಳ ಹಿಂದೆ. ಉಣಿಸುವವರು ಇಲ್ಲ ಎಂದು ಹೇಳಲು ಅವಳಿಗೆ ನಾಚಿಕೆ.

ನನಗೆ ಇದು ಹೊಳೆಯುವಷ್ಟರಲ್ಲಿ ವೈನಿ ಸೌಟನ್ನು ಕೆಳಗಿಟ್ಟಿದ್ದರು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳ ಎದುರು ಕೂತರು. ಉಳ್ಳಾಗಡ್ಡಿ ಹಾಕಿದ ಹೋಟೆಲಿನ ಸಾಂಬಾರು ಅದು, ವೈನಿ ಆಯುಷ್ಯದಲ್ಲೇ ಮುಟ್ಟಿದ್ದಲ್ಲ. ಅದನ್ನು ಅನ್ನಕ್ಕೆ ಕಲಸಿ ತುತ್ತು ಎತ್ತಿದರು. ಹೀರಾಬಾಯಿ ಮುಖ ಹಿಂದಕ್ಕೆ ಎಳೆದುಕೊಂಡಳು. ಬಾಯೀ, ನಿಮ್ಮ ಸೋವಳ, ಅಂದಳು. ಮಡಿಗೆ ಮರಾಠಿಯಲ್ಲಿ ಹಾಗನ್ನುತ್ತಾರೆ. ಇಷ್ಟು ವರ್ಷ ಅವಳು ಅದನ್ನು ಎಷ್ಟು ಚೆನ್ನಾಗಿ ಗಮನಿಸಿದ್ದಳು ಎಂಬುದು ಆ ಒಂದು ಮಾತಿನಲ್ಲಿ ಗೊತ್ತಾಯಿತು.

ವೈನಿ ತುತ್ತು ಹಿಡಿದ ಕೈ ಇಳಿಸದೆ ನನ್ನ ಕಡೆ ತಿರುಗಿದರು.

“ಅಗ್ನಿ ಮುಟ್ಟಿದ ಮ್ಯಾಲೆ ಮೈಲಿಗಿ ಎಲ್ಲಿ ಉಳೀತದ ತಂಗಿ? ಈಗ ಈಕಿಗಿಂತಾ ಮಡೀಲೆ ಇದ್ದಾಕಿ ಈ ಊರಾಗ ಯಾರೂ ಇಲ್ಲ. ಹಂಗಂತ ಹೇಳು ಆಕಿಗೆ. ನನ್ನ ಮರಾಠಿ ಅಷ್ಟು ದೂರ ಹೋಗೂದಿಲ್ಲ.”

ನನ್ನದೂ ಅಷ್ಟು ದೂರ ಹೋಗುತ್ತಿರಲಿಲ್ಲ. ಏನೋ ಒಂದು ಹೇಳಿದೆ. ಹೀರಾಬಾಯಿ ಬಾಯಿ ತೆರೆದಳು. ಮೂರನೆಯ ತುತ್ತಿಗೆ ಅವಳ ಕಣ್ಣಿನಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲು ಅವಳಿಗೆ ಕೈ ಇರಲಿಲ್ಲ. ವೈನಿಯೇ ಎಡಗೈಯಿಂದ ಸೆರಗು ತೆಗೆದು ಒರೆಸಿದರು.

ಸಂಜೆ ನನಗೆ ಸುಮ್ಮನಿರಲಾಗಲಿಲ್ಲ. ಮನೆಗೆ ಹೋದ ಮೇಲೆ ಸ್ನಾನ ಮಾಡಿದಿರಾ ಎಂದು ವೈನಿಯನ್ನು ಕೇಳಿಯೇಬಿಟ್ಟೆ. “ಮಾಡಿದ್ನೆಲಾ,” ಅಂದರು. “ಭಾಳ ಸೆಕಿ ಆಗಿತ್ತು.”

ಸೊಸೈಟಿಯ ಎಲ್ಲರ ಮನಸ್ಸೂ ಹೀಗೆ ಒಮ್ಮೆಲೇ ಕರಗಿತು ಎಂದು ಬರೆದರೆ ನೀವು ನಂಬುವುದಿಲ್ಲ, ನಂಬಲೂ ಬಾರದು. ವಾರ ಕಳೆಯುವಷ್ಟರಲ್ಲಿ ಮೀಟಿಂಗು ಆಯಿತು. ಹೊಸ ಹುಲ್ಲು ಚಿಗುರಲಿ ಎಂದು ಈ ಜನವೇ ಗುಡ್ಡಕ್ಕೆ ಬೆಂಕಿ ಇಡುತ್ತಾರೆ, ಈಗ ನಮ್ಮ ಹಾಲ್‌ನಲ್ಲಿ ಬಂದು ಕೂತಿದ್ದಾರೆ ಎಂದು ಒಬ್ಬರು ಹೇಳಿದರು. ನಿಮ್ಮ ಕಟ್ಟಡಗಳ ಕಸವನ್ನು ಹಿಂದಿನ ಗೋಡೆಯ ಆಚೆ ದಿನಾ ಸುಡುವವರು ಯಾರು ಎಂದು ವಸ್ತಿಯ ಗಂಡಸರು ಕೇಳಿದರು. ಎರಡರಲ್ಲೂ ಸುಳ್ಳಿರಲಿಲ್ಲ. ಆ ದಿನದ ಬೆಂಕಿ ಎಲ್ಲಿಂದ ಬಂತು ಎಂಬುದು ಮಾತ್ರ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ದನಿಗಳು ಏರಿದವು. ಬಾಗಿಲಿನಲ್ಲಿ ಖಾಲಿ ಪಾತ್ರೆ ಒಯ್ಯಲು ನಿಂತಿದ್ದ ಶೆಟ್ಟರು ತಮ್ಮ ಕುಂದಾಪುರದ ಮರಾಠಿಯಲ್ಲಿ ಒಂದು ಪ್ರಶ್ನೆ ಕೇಳಿದರು. ಹಚ್ಚಿದವರು ಸಿಕ್ಕರೆ ಸರಿ, ಸಿಗದಿದ್ದರೂ ಬರುವ ವರ್ಷ ಬೆಂಕಿ ಬರುವುದು ಖಂಡಿತ, ಆಗ ಆರಿಸುವವರು ಯಾರು ಎಂದು. ಜಗಳ ಅಲ್ಲಿಗೇ ಕುಗ್ಗಿತು.

ಸೊಸೈಟಿಯ ಹಾಲ್ ಒಂದು ಮದುವೆಗೆ ಕೊಟ್ಟಿದ್ದರಿಂದ ಖಾಲಿ ಮಾಡಿಸಿದರು. ಎರಡು ಮನೆಯವರು ಗುಡ್ಡ ಬಿಟ್ಟು ಸಾತಾರಾ ಕಡೆ ಹೋದರು, ಮತ್ತೆ ಬರಲಿಲ್ಲ. ಉಳಿದವರು ತಾಡಪತ್ರಿಯ ಸೂರು ಕಟ್ಟಿಕೊಂಡು ಮೇಲೆ ಸೇರಿದರು. ಹೀರಾಬಾಯಿಯ ಗಾಯ ಇನ್ನೂ ಹಸಿಯಿತ್ತು. ಅವಳನ್ನು ವೈನಿ ತಮ್ಮ ಹೊರಕೋಣೆಯಲ್ಲಿ ಇಟ್ಟುಕೊಂಡರು. ರಾಯರಿಗೆ ಇದನ್ನು ಯಾರು ಹೇಗೆ ಹೇಳಿದರೋ ತಿಳಿಯದು. ಅವರು ಪೇಪರನ್ನು ತುಸು ಮೇಲೆತ್ತಿ ಓದತೊಡಗಿದರು, ಅಷ್ಟೇ.

ಇನ್ನೊಂದು ತೊಡಕು ಹೀರಾಬಾಯಿಯ ಎಮ್ಮೆಯದು. ಅವಳ ಕೈಗೇ ಒಗ್ಗಿಕೊಂಡಿದ್ದ ಅದು ಗಂಡಸರಿಗೆ ಹಾಲು ಇಳಿಸಲಿಲ್ಲ, ಒದ್ದು ಓಡಿಸಿತು. ಕೆಚ್ಚಲು ಬಿಗಿದು ನೋಯುತ್ತಿದೆ ಎಂದು ಕೇಳಿದ ವೈನಿ, ಹುಡುಗಿಯಾಗಿದ್ದಾಗ ತಾವು ತವರಿನಲ್ಲಿ ಎಮ್ಮೆ ಹಿಂಡುತ್ತಿದ್ದುದನ್ನು ನೆನಪಿಸಿಕೊಂಡರು. ಬೆಳಿಗ್ಗೆ ನಾವು ಮೂವರೂ ಗುಡ್ಡ ಹತ್ತಿದೆವು. ಕಾಲಿಗೆ ಕರಿ ಬೂದಿ, ಕಲ್ಲುಗಳು ಇನ್ನೂ ಸುಟ್ಟ ವಾಸನೆ ಬಿಡುತ್ತಿದ್ದವು. ಹೀರಾಬಾಯಿ ಎಮ್ಮೆಯ ಕೊರಳಿಗೆ ಕೆನ್ನೆಯಾನಿಸಿ ನಿಂತು ಮರಾಠಿಯಲ್ಲಿ ಏನೇನೋ ಹೇಳುತ್ತಿದ್ದಳು. ವೈನಿ ಕೆಚ್ಚಲ ಬಳಿ ಕುಕ್ಕರಗಾಲಿನಲ್ಲಿ ಕೂತು ಕನ್ನಡದಲ್ಲಿ ರಮಿಸುತ್ತಿದ್ದರು. ನನ್ನ ಕೆಲಸ ಬಾಲ ಹಿಡಿಯುವುದು. ಆ ಕೆಲಸದ ಬಗ್ಗೆ ಹೆಚ್ಚು ಹೇಳದಿರುವುದೇ ನನಗೆ ಒಳ್ಳೆಯದು. ಎಮ್ಮೆ ಸ್ವಲ್ಪ ಹೊತ್ತು ಯೋಚಿಸಿತು, ಆಮೇಲೆ ಹಾಲು ಇಳಿಸಿತು. ಹಿಂಡುತ್ತಿದ್ದ ವೈನಿ ತಲೆ ಎತ್ತಿ, ಈ ಹಾಲು ಇಷ್ಟು ಗಟ್ಟಿ ಅದ, ನಮ್ಮನಿಗೆ ಬರೂದ್ರೊಳಗ ಹೆಂಗ ತೆಳ್ಳಗಾಗ್ತದ ಕೇಳು, ಅಂದರು. ನಾನು ಮರಾಠಿಗೆ ತಿರುಗಿಸಿದೆ. ಬೆಂಕಿ ಬಿದ್ದಂದಿನಿಂದ ಹೀರಾಬಾಯಿ ನಕ್ಕದ್ದು ಅದೇ ಮೊದಲು.

ಆ ನಡಿಗೆ ತಿಂಗಳುಗಟ್ಟಲೆ ನಡೆಯಿತು. ವೈನಿಯ ಹಿಂದೆ ಬೇರೆ ಹೆಂಗಸರೂ ಹತ್ತಿದರು, ಕೆಲವರು ಕುತೂಹಲಕ್ಕೆ, ಕೆಲವರು ಸಕ್ಕರೆ ಕಾಯಿಲೆಗೆ. ಹತ್ತಿದ ಮೇಲೆ, ಮತ್ತೆ ಮನೆ ಕಟ್ಟಲು ಮಣ್ಣು ಕಲಸುವವರನ್ನು ನೋಡುತ್ತ ಸುಮ್ಮನೆ ನಿಲ್ಲುವುದು ಕಷ್ಟ. ಮಳೆಗಾಲಕ್ಕೆ ಮುಂಚೆ ತಗಡಿನ ಸೂರುಗಳು ಎದ್ದವು. ಕಸ ಸುಡುವುದು ನಿಲ್ಲಬೇಕೆಂದು ನಾವೇ ಪಟ್ಟು ಹಿಡಿದೆವು. ಮಳೆ ನಿಂತು ಹುಲ್ಲು ಹಳದಿಯಾದಾಗ, ಅರಣ್ಯ ಇಲಾಖೆಯ ಒಬ್ಬರು ತೋರಿಸಿಕೊಟ್ಟಂತೆ, ವಸ್ತಿಯವರೂ ಸೊಸೈಟಿಯವರೂ ಸೇರಿ ಗುಡ್ಡದ ಅಡ್ಡಕ್ಕೆ ಅಗಲವಾದ ಪಟ್ಟಿಯಲ್ಲಿ ಹುಲ್ಲು ಕೊಯ್ದು ಬರಿ ನೆಲ ಮಾಡಿದರು. ಬೆಂಕಿ ದಾಟದಂತೆ ಎಳೆದ ಗೆರೆ ಅದು. ಮೀಟಿಂಗಿನಲ್ಲಿ ಕೂಗಾಡಿದ್ದವರಲ್ಲಿ ಒಬ್ಬರು ಮಾತ್ರ ಕೊನೆಯವರೆಗೂ ಬರಲಿಲ್ಲ. ತಮ್ಮ ಕುಡಗೋಲನ್ನು ಕೊಟ್ಟು ಕಳಿಸಿದರು.

ಮುಂದಿನ ಬೇಸಿಗೆಯಲ್ಲಿ ಬೆಂಕಿ ಬಂತು. ಶೆಟ್ಟರು ಹೋಟೆಲಿಗೆ ಬೀಗ ಹಾಕಿ ಮಾಣಿಗಳ ಸಮೇತ ಬಂದರು. ಗೆರೆಯ ಈಚೆ ನಾವೆಲ್ಲ ಹಸಿ ಕೊಂಬೆ, ಒದ್ದೆ ಗೋಣಿಚೀಲ ಹಿಡಿದು ನಿಂತಿದ್ದೆವು. ನನ್ನ ಪಕ್ಕದಲ್ಲಿ ಹೀರಾಬಾಯಿ. ಅವಳ ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ, ಆದರೂ ಕೊಂಬೆ ಹಿಡಿದಿದ್ದಳು. ಜ್ವಾಲೆ ಬೋಳು ನೆಲದ ಅಂಚಿಗೆ ಬಂದು, ಅತ್ತ ಇತ್ತ ಹೊರಳಿ, ತಿನ್ನಲು ಏನೂ ಸಿಗದೆ ತಗ್ಗಿತು. ಹಾರಿ ಬಂದ ಕಿಡಿಗಳನ್ನು ಬಡಿದು ಆರಿಸಿದೆವು. ಗದ್ದಲವೇನೂ ಆಗಲಿಲ್ಲ. ಹೀರಾಬಾಯಿ ಸೂರಿನ ಕಡೆ ಒಮ್ಮೆ ತಿರುಗಿ ನೋಡಿ, ಹೋಗಿ ಚಹಾಕ್ಕೆ ಇಟ್ಟಳು. ಆ ಚಹಾವನ್ನು ವೈನಿಯೂ ಕುಡಿದರು, ಅವಳ ಮನೆಯ ಬಟ್ಟಲಲ್ಲಿ.

ರಾಯರ ನಿವೃತ್ತಿಯ ನಂತರ ವೈನಿ ಬೆಳಗಾವಿಗೆ ಹೋದರು. ಅವರ ಮೊಮ್ಮಗನ ತೊಟ್ಟಿಲಿಗೆ ಹೀರಾಬಾಯಿ ಡಬ್ಬಿ ತುಂಬ ತುಪ್ಪ ಹಿಡಿದು ನನ್ನೊಡನೆ ಬಸ್ಸು ಹತ್ತಿದಳು. ಪಂಕ್ತಿಯಲ್ಲಿ ವೈನಿ ಅವಳನ್ನು ತಮ್ಮ ಬೀಗಿತ್ತಿಯ ಪಕ್ಕಕ್ಕೇ ಕೂಡಿಸಿದರು. ಯಾರು ಇವರು ಎಂದು ಬೀಗಿತ್ತಿ ಕೇಳಿದಾಗ, “ನಮ್ಮ ಪುಣೆದಾಕಿ” ಎಂದಷ್ಟೇ ಹೇಳಿ ಮುಂದಿನ ಎಲೆಗೆ ಹೋದರು.

ಅನ್ನ ಆಗಿದೆ, ಈ ಸಲ ತಳ ಹತ್ತಿಲ್ಲ. ಗ್ಯಾಸು ಆರಿಸುವಾಗ ಬಾಗಿಲ ಗಂಟೆ ಹೊಡೆಯಿತು. ಮೇಲಿನ ಮನೆಗೆ ಹೊಸದಾಗಿ ಬಂದ ಮೈಸೂರಿನ ಹುಡುಗಿ, ಹಿಂಜವಡಿಯ ಐಟಿ ಕಂಪನಿಯಲ್ಲಿ ಕೆಲಸ. ರಜೆಯ ದಿನದ ಬಟ್ಟೆಯಲ್ಲಿದ್ದಳು. ಮುಖದಲ್ಲಿ ಗಾಬರಿ.

“ಆಂಟಿ, ಟೆರೇಸಿಂದ ನೋಡ್ದೆ, ಆ ಕಡೆ ತುಂಬಾ ಹೊಗೆ ಇದೆ. ಅಲ್ಲಿ ಮನೆಗಳಿವೆಯಾ?”

“ಮನಿ ಅದಾವ,” ಅಂದೆ. “ಈ ವರ್ಷದ ಗೆರಿ ಆಗೇದ. ಆದರೂ ಕಿಡಿ ಹಾರ್ತಾವ.”

ಅವಳು ಹೊಗೆಯ ಕಡೆಗೂ ನನ್ನ ಕಡೆಗೂ ನೋಡಿದಳು. ನಾವು ಏನಾದರೂ ಮಾಡಬಹುದೇ ಎಂದು ಕೇಳಿದಳು. ಆ ‘ನಾವು’ ಎಂಬ ಮಾತನ್ನು ನಾನು ಕಲಿಯಲು ಎಷ್ಟು ಬೇಸಿಗೆಗಳು ಬೇಕಾದವು ಎಂದು ಯೋಚಿಸುತ್ತ, ಹಳೆಯ ಬೂಟು ಹುಡುಕಿ ಹಾಕಿಕೊಂಡೆ. ಪಾಲಿಸ್ಟರ್ ಬ್ಯಾಡ, ಹತ್ತಿ ಬಟ್ಟೆ ಹಾಕ್ಕೊಂಡು ಬಾ ಎಂದು ಅವಳಿಗೆ ಹೇಳಿದೆ. ಅವಳು ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದಳು. ನಾನು ಗೇಟಿನ ಬಳಿ ಹೋಗಿ, ಅವಳಿಗಾಗಿ ಕಾಯುತ್ತ ನಿಂತೆ.