ಬೂದಿಯಲ್ಲಿಟ್ಟ ಅಲಸಂದೆ

ಈ ಮೇ ತಿಂಗಳಲ್ಲಿ ಗರಾಜಿನ ಮೇಲಿನ ಶೆಲ್ಫಿನಿಂದ ಒಂದು ಹಳೆಯ ಉಪ್ಪಿನಕಾಯಿ ಬಾಟಲಿ ಇಳಿಸಿದೆ. ಮುಚ್ಚಳದ ಸುತ್ತ ಮೇಣ ಹಚ್ಚಿತ್ತು. ಚಾಕುವಿನಿಂದ ಎಬ್ಬಿಸಿ ತೆಗೆದಾಗ ಮೂಗಿಗೆ ಬಂದದ್ದು ತಣ್ಣನೆಯ ಬೂದಿಯ ವಾಸನೆ. ಬೂದಿಯೊಳಗೆ ಅಲಸಂದೆ ಕಾಳು. ಪಕ್ಕದ ಪ್ಲಾಟಿನ ಆಂಟಿ ಕೊಟ್ಟದ್ದು…

ನಾವಾಗ ಮಾರಿಸ್‌ವಿಲ್‌ನಲ್ಲಿದ್ದೆವು. ಗಂಡನ ಕೆಲಸದ ಮೇಲೆ ಸಿಗುವ ಎಚ್-4 ವೀಸಾದ ಹೆಂಡತಿಯರು ಆಗ ಕೆಲಸಕ್ಕೆ ಹೋಗುವಂತಿರಲಿಲ್ಲ. ಮನೆಯಲ್ಲಿ ಕೂತೂ ಕೂತೂ ತಲೆಕೆಟ್ಟು, ಊರವರು ತುಂಡು ತುಂಡು ನೆಲ ಹಿಡಿದು ತರಕಾರಿ ಬೆಳೆಯುವ ಕಮ್ಯುನಿಟಿ ಗಾರ್ಡನ್ನಿನಲ್ಲಿ ಒಂದು ಪ್ಲಾಟ್ ಹಿಡಿದಿದ್ದೆ. ನನ್ನ ಮೆಂತ್ಯದ ಸಾಲಿಗೆ ತಾಗಿಕೊಂಡೇ ಆಂಟಿಯ ಅಲಸಂದೆ. ಉತ್ತರ ಘಾನಾದ ಒಂದು ಹಳ್ಳಿಯವರು, ನರ್ಸ್ ಆಗಿದ್ದ ಮಗಳ ಮನೆಗೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದಿದ್ದರು. ಅವರ ಇಂಗ್ಲಿಷ್ ನನಗೆ, ನನ್ನದು ಅವರಿಗೆ ಅರ್ಥವಾಗಲು ಒಂದು ಬೇಸಿಗೆಯೇ ಬೇಕಾಯಿತು.

ಆದರೆ ಮೊದಲ ದಿನ ಅವರು ಕೇಳಿದ್ದು ಮಾತ್ರ ಚೆನ್ನಾಗಿಯೇ ಅರ್ಥವಾಗಿತ್ತು. "ಇದು ನಿನ್ನ ಹೊಲಾನಾ, ನಿನ್ನ ಗಂಡಂದಾ?"

"ಇಬ್ಬರದೂ."

"ಹಾಗಂದ್ರೆ ಗಂಡಂದು," ಎಂದು ಅವರು ಕಳೆ ಕೀಳುವುದನ್ನು ಮುಂದುವರಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಪ್ಲಾಟ್ ನಿಜಕ್ಕೂ ನನ್ನ ಗಂಡನ ಹೆಸರಿನಲ್ಲೇ ಇತ್ತು.

ಅವರ ಹಳ್ಳಿಯಲ್ಲಿ ಗಂಡನ ಹೊಲ ಬೇರೆ, ಹೆಂಡತಿಯ ಹೊಲ ಬೇರೆಯಂತೆ. ಗಂಡನ ಹೊಲದ ಸಜ್ಜೆ ಇಡೀ ಮನೆಯ ಊಟಕ್ಕೆ. ಕೊಂಡು ತಂದ ಗೊಬ್ಬರವೂ ಅಲ್ಲಿಗೇ. ಅಲ್ಲಿ ದಿನವಿಡೀ ದುಡಿದ ಮೇಲೆ ಹೆಂಗಸಿಗೆ ಉಳಿಯುವುದು ದೂರದ ಒಂದು ಕಲ್ಲುನೆಲ, ಅದಕ್ಕೆ ಒಂದಿಷ್ಟು ಸಂಜೆ. ಗೊಬ್ಬರ ಕೇಳದ, ಹೆಚ್ಚು ಆರೈಕೆ ಬೇಡದ, ಸಜ್ಜೆಗಿಂತ ಮೊದಲೇ ಕೈಗೆ ಬರುವ ಬೆಳೆ ಅಲಸಂದೆ. ಹಾಗಾಗಿ ಅವರ ತಾಯಿ ಬೆಳೆದದ್ದೂ ಅದನ್ನೇ, ಇವರು ಬೆಳೆದದ್ದೂ ಅದನ್ನೇ. ಮಾರಿ ದುಡ್ಡು ಮಾಡಿಟ್ಟುಕೊಂಡರೆ ಭಾವನ ಪ್ರಯಾಣ, ಯಾರದೋ ಸಾವಿನ ಖರ್ಚು ಅಂತ ಕೈಚಾಚುವವರಿಗೆ ಇಲ್ಲ ಎನ್ನುವಂತಿಲ್ಲ. ಅದಕ್ಕೇ ಕಾಳಿಗೆ ಬೂದಿ ಬೆರೆಸಿ ಮಡಕೆಗೆ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಯಾರು ಕೇಳಿದರೂ ಒಂದೇ ಉತ್ತರ: ಈಗ ಬಾಯಿ ತೆಗೆದರೆ ಹುಳ ಬೀಳುತ್ತೆ. ಊರಲ್ಲೆಲ್ಲ ಕಾಳು ಮುಗಿದು ಬೆಲೆ ಏರಿದಾಗ ಒಡೆಯುತ್ತಿದ್ದರು. ಮಗಳ ನರ್ಸಿಂಗ್ ಓದು ಆ ಮಡಕೆಗಳಿಂದಲೇ ಬಂತು.

"ಬೂದಿ ಹುಳಕ್ಕೆ ಮಾತ್ರ ಅಂದ್ಕೊಂಡ್ಯಾ? ನೆಂಟರಿಗೂ ಅದೇ ಔಷಧಿ," ಎಂದು ಅವರು ನಕ್ಕದ್ದು ಇನ್ನೂ ನನ್ನ ಕಿವಿಯಲ್ಲಿದೆ. ಇಲ್ಲಿ ಬೂದಿಗೆ ಎಲ್ಲಿ ಹೋಗುವುದು? ಪಾರ್ಕಿನಲ್ಲಿ ಇದ್ದಿಲು ಹಾಕಿ ಮಾಂಸ ಸುಡುವ ಗ್ರಿಲ್‌ಗಳನ್ನು ಕೆರೆದು ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ಮೊಮ್ಮಕ್ಕಳು ನಾಚಿಕೊಂಡು ಕಾರಿನಿಂದ ಇಳಿಯುತ್ತಲೇ ಇರಲಿಲ್ಲ.

ತಾಯಿಯ ಕಾಲದಿಂದ ಬಂದ ಆ ಬೀಜವನ್ನು ಅವರು ಬಟ್ಟೆಯ ಅಂಚಿಗೆ ಗಂಟುಕಟ್ಟಿ ತಂದಿದ್ದರು. ಏರ್‌ಪೋರ್ಟಿನವರ ಕಣ್ಣಿಗೆ ಹೇಗೆ ಬೀಳಲಿಲ್ಲವೋ… ಇದ್ದಷ್ಟನ್ನೂ ಬಿತ್ತಿದ್ದರು. ಪ್ಲಾಟ್ ಸಿಕ್ಕಿದ್ದೇ ತಡವಾಗಿ, ಅಕ್ಟೋಬರ್ ಮುಗಿಯುತ್ತ ಬಂದರೂ ಕಾಯಿ ಹಸಿರಾಗಿಯೇ ಇತ್ತು. ಗಾರ್ಡನ್ನಿನ ರೂಲ್ ಪ್ರಕಾರ ತಿಂಗಳ ಕೊನೆಗೆ ಎಲ್ಲರೂ ಪ್ಲಾಟ್ ಖಾಲಿ ಮಾಡಬೇಕು. ಹಸಿ ಕಾಯಿ ಕಿತ್ತರೆ ಪಲ್ಯವಾದೀತು, ಬೀಜವಾಗದು. ಆ ತಳಿ ಅವರ ಕೈಯಲ್ಲಿ ಅಲ್ಲಿಗೇ ಮುಗಿಯುತ್ತಿತ್ತು.

ಗಾರ್ಡನ್ ನೋಡಿಕೊಳ್ಳುತ್ತಿದ್ದ ವಾಲಂಟಿಯರ್ ನೆಲ ಉಳುವ ಮೆಷಿನ್ ತಳ್ಳಿಕೊಂಡು ಬಂದ. "ಸೀಸನ್ ಮುಗೀತು, ಮೇಡಂ," ಎಂದ, ಮರ್ಯಾದೆಯಿಂದಲೇ.

ಆಂಟಿ ಮಗಳ ದಪ್ಪ ಕೋಟು ತೊಟ್ಟು, ಬಳ್ಳಿಗಳ ನಡುವೆ ಮಡಚುವ ಕುರ್ಚಿ ಹಾಕಿ ಕೂತರು. "ನಿಂದು ಮುಗಿದಿರಬಹುದು. ನಂದು ಇನ್ನೂ ಮುಗಿದಿಲ್ಲ."

ನಾನು ಕಾರಿನ ಬಳಿ ನಿಂತಿದ್ದೆ. ಪರದೇಶ, ವೀಸಾ, ನಮಗ್ಯಾಕೆ ಊರ ಉಸಾಬರಿ ಎಂದೆಲ್ಲ ತಲೆಯಲ್ಲಿ ಓಡಿತು. ಆಮೇಲೆ ಹೋಗಿ ನನ್ನ ಬಕೆಟ್ ಬೋರಲು ಹಾಕಿ ಅವರ ಪಕ್ಕ ಕೂತೆ. ಆತ ನಮ್ಮಿಬ್ಬರನ್ನೂ ನೋಡಿ, ಮುಂದಿನ ಶನಿವಾರ ಬರುತ್ತೇನೆಂದು ಮೆಷಿನ್ ತಿರುಗಿಸಿಕೊಂಡು ಹೋದ.

ಆ ವಾರ ಬಳ್ಳಿ ಸುಟ್ಟುಹೋಗುವಂಥ ಮಂಜು ಬೀಳುವ ಸೂಚನೆ ಇತ್ತು. ಬಳ್ಳಿಗೆ ಹೊದಿಸಲು ಅವರ ಬೆಡ್‌ಶೀಟು ಸಾಲಲಿಲ್ಲ. ನನ್ನ ಮದುವೆಯಲ್ಲಿ ಬಂದ, ಒಮ್ಮೆಯೂ ಉಡದ ಸೀರೆಗಳನ್ನೆಲ್ಲ ತಂದು ಹೊದಿಸಿದೆ. ಹೋಗಲಿ ಬಿಡಿ, ಕೊನೆಗೂ ಅವು ಒಂದು ಒಳ್ಳೆಯ ಕೆಲಸಕ್ಕೆ ಬಂದವು. ಶನಿವಾರ ಬಂದ ಆತ ಗುಲಾಬಿ, ಗಿಳಿಹಸಿರು ಜರಿಯಂಚುಗಳನ್ನು ನೋಡಿ ಮೆಷಿನ್ ತಿರುಗಿಸಿದ. ಗಾರ್ಡನ್ನಿನ ಆಚೆ ತುದಿಯಿಂದ ಉಳಲು ಶುರುಮಾಡಿದ, ಶನಿವಾರಕ್ಕೆ ಒಂದೆರಡೇ ಪ್ಲಾಟ್. ನಮ್ಮ ತುದಿಗೆ ಬರುವ ಹೊತ್ತಿಗೆ ಕಾಯಿ ಒಣಗಿ ಗಿಲಿಗಿಲಿ ಎನ್ನುತ್ತಿತ್ತು.

ಕೈಗೆ ಬಂದ ಕಾಳನ್ನು ಆಂಟಿ ಎರಡು ಪಾಲು ಮಾಡಿ, ಒಂದನ್ನು ನನ್ನ ಉಪ್ಪಿನಕಾಯಿ ಬಾಟಲಿಗೆ ಬೂದಿ ಬೆರೆಸಿ ತುಂಬಿದರು. "ಇದು ನಿಂದು. ಬಿತ್ತೋಕೆ ಮಾತ್ರ ತೆಗಿ," ಎಂದರು. ಮುಂದಿನ ವರ್ಷ ನಾನು ಪ್ಲಾಟನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ.

ಬಿತ್ತುವ ಮೊದಲೇ ನಾವು ಬೇರೆ ರಾಜ್ಯಕ್ಕೆ, ಈ ಆಶ್‌ಬರ್ನ್‌ಗೆ ಬಂದೆವು. ಫೋನು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು… ಆಂಟಿ ಊರಿಗೆ ಮರಳಿ ಅಲ್ಲೇ ತೀರಿಕೊಂಡರೆಂದು ಅವರ ಮಗಳಿಂದ ಗೊತ್ತಾದದ್ದು ಈ ಏಪ್ರಿಲ್‌ನಲ್ಲಿ. ಬಹಳ ಅತ್ತೆ. ಬಾಟಲಿ ಇಳಿಸಿದ್ದು ಅದಾದ ಮೇಲೆಯೇ.

"ಅಷ್ಟು ಹಳೇ ಕಾಳು ಮೊಳೆಯುತ್ತೇನೇ? ಆರ್ಡರ್ ಮಾಡಿದ್ರೆ ನಾಳೇನೇ ಪ್ಯಾಕೆಟ್ ಬರುತ್ತೆ," ಎಂದರು ನಮ್ಮವರು. ಹೆಚ್ಚಿನವು ಮೊಳೆಯಲಿಲ್ಲ, ನಿಜ. ಮೊಳೆತ ನಾಲ್ಕಾರನ್ನು ಟೌನ್‌ಹೌಸಿನ ಮುಂದೆ, ಬಡಾವಣೆಯ ಅಸೋಸಿಯೇಷನ್ನಿನವರು ಪೊದೆ ಬಿಟ್ಟು ಬೇರೇನೂ ನೆಡಬಾರದೆಂದ ನೆಲದ ಪಟ್ಟಿಯಲ್ಲೇ ನೆಟ್ಟೆ. ಈಗ ಬಳ್ಳಿ ಪೊದೆಯ ಮೇಲೆ ಹತ್ತಿ ಹಸಿರು ಕಾಯಿ ಬಿಟ್ಟಿದೆ.

ನಿನ್ನೆ ಅಸೋಸಿಯೇಷನ್ನಿನಾಕೆ ನಾಯಿ ಹಿಡಿದುಕೊಂಡು ಬಂದು, ವಾರದೊಳಗೆ ತೆಗೆಯಿರಿ, ಬೇಸಿಗೆ ಹೇಗೂ ಮುಗಿಯಿತಲ್ಲ ಎಂದಳು. ನಾನು ಒಳಗೆ ಹೋಗಿ ಮಡಚುವ ಕುರ್ಚಿ ತಂದೆ. ಪಕ್ಕದಲ್ಲಿ ಇನ್ನೊಂದು ಹಾಕಲು ಆಂಟಿ ಇಲ್ಲ. ಒಬ್ಬಳೇ ಕೂತು, ಅವರದೇ ಮಾತನ್ನು ಅವರದೇ ಇಂಗ್ಲಿಷಿನಲ್ಲಿ ಹೇಳಿದೆ: ನಂದು ಇನ್ನೂ ಮುಗಿದಿಲ್ಲ.